ಇಂಬಳಕ್ಕೆ ಹೊಡೆದರೆ ಸೋಲೇ?

ಕಳಸ, ಶನಿವಾರ

ಶಶಿಕಿರಣ್ ಅವರಿಗೆ, ಸುಪ್ರಿಯಾಳ ತಾಯಿ ರಜನಿಯ ನಮಸ್ಕಾರ.

ಮೊನ್ನೆ ನಿಮ್ಮ ‘ಗಿರಿ ಫೈಟ್’ ಎಂಎಂಎ ಗುದ್ದಾಟ-ಕುಸ್ತಿ ಪಂದ್ಯದಲ್ಲಿ ನನ್ನ ಮಗಳು ಸೋತಳೆಂದು ರೆಫ್ರಿ ಸೀಟಿ ಊದಿದರು. ಮಳೆಗಾಲದಲ್ಲಿ ಕಾಫಿ ಕಣದ ಮೇಲೆ ಮ್ಯಾಟ್ ಹಾಸಿದರೆ ರಕ್ತ ಹೀರುವ ಇಂಬಳ ಬರದೆ ಇರುತ್ತದೆಯೇ? ಎದುರಾಳಿ ಕುಸುಮಾಳ ಕಾಲಿಗೆ ಹತ್ತಿದ್ದನ್ನು ಉದುರಿಸಲು ಇವಳು ಎರಡೇಟು ಹೊಡೆದಳು. ನಮ್ಮ ಕಡೆ ಯಾರ ಕಾಲಲ್ಲಿ ಇಂಬಳ ಕಂಡರೂ ಕೈ ತಾನಾಗಿ ಹೋಗುತ್ತದೆ. ಬಯಲುಸೀಮೆಯ ನಿಮ್ಮ ರೆಫ್ರಿಗೆ ಅದು ಎದುರಾಳಿಯ ಮೈ ತಟ್ಟಿ ‘ಸೋತೆ, ಬಿಡು’ ಎನ್ನುವ ಸನ್ನೆಯಾಗಿ ಕಂಡಿತು. ವಿಡಿಯೋದಲ್ಲಿ ಎಲ್ಲ ಸ್ಪಷ್ಟವಾಗಿದೆ.

ಫೋನ್ ಮಾಡಿದರೆ, “ತೀರ್ಪು ತಿದ್ದಿದ್ರೆ ಮೂಡಿಗೆರೆ ಮಲ್ಲೇಶ್ ನಗ್ತಾನೆ ಅಕ್ಕಾ” ಅಂದಿರಿ. ‘ಘಟ್ಟ ಫೈಟ್’ ನಡೆಸುವ ಆ ಮಲ್ಲೇಶ್ ದಿನಾ ಮೆಸೇಜ್ ಹಾಕುತ್ತಾರೆ: “ನಮ್ಮಲ್ಲಿಗೆ ಬನ್ನಿ, ನಮ್ಮ ರೆಫ್ರಿಗೆ ಕಣ್ಣಿದೆ.” ಜಿದ್ದು ನಿಮ್ಮಿಬ್ಬರದು, ಸದ್ದು ನಿಮ್ಮಿಬ್ಬರದು, ಗುದ್ದು ಮಾತ್ರ ನಮ್ಮ ಮಕ್ಕಳದು.

ಸೋಮವಾರದೊಳಗೆ ತೀರ್ಪು ರದ್ದು ಮಾಡಿ, ಇಬ್ಬರನ್ನೂ ಮತ್ತೆ ಆಡಿಸಿ. ಇಲ್ಲದಿದ್ದರೆ ಸುಪ್ರಿಯಾ ಮಲ್ಲೇಶರ ಕಡೆ ಹೋಗುತ್ತಾಳೆ. ಕುಸುಮಾಳೂ ಜೊತೆಗೆ ಹೊರಟಿದ್ದಾಳೆ. ನಿನ್ನೆ ಮನೆಗೇ ಬಂದು, “ಇಂಥ ಗೆಲುವು ನಂಗೆ ಬೇಡ ಆಂಟಿ” ಎಂದು ನೀವು ಕೊಟ್ಟ ಬೆಲ್ಟನ್ನು ಇಲ್ಲೇ ಬಿಟ್ಟು ಹೋದಳು. ಯಾರನ್ನಾದರೂ ಕಳಿಸಿ, ಒಯ್ಯಲಿ.

ಸಾಕಾಗಿರುವ,
ರಜನಿ