ನಾಲ್ಕನೇ ಪಟ್ಟಿಯ ಜೋಳ

ಅಕ್ಟೋಬರ್ 14, ಮಂಗಳವಾರ

ಊಟ ಸೇರಲಿಲ್ಲ. ಸಾವಿತ್ರವ್ವನ ಕೈ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಬಿಳೂರಿನ ಶಿದ್ರಾಯ ಕಾಕಾ ಕೃಷಿ ಕಾಲೇಜಿನ ನನ್ನ ಪ್ರಬಂಧಕ್ಕೆಂದು ತಮ್ಮ ಹೊಲದಲ್ಲಿ ನಾಲ್ಕು ಪಟ್ಟಿ ನೆಲ ಬಿಟ್ಟುಕೊಟ್ಟಿದ್ದರು. ಬಿತ್ತುವ ಮೊದಲು ಒಂದೊಂದರಲ್ಲೂ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ, ಡೀಸೆಲ್ ಎಷ್ಟು ಹೋಯಿತು, ಮಣ್ಣಿನ ಹೆಂಟೆ ಎಷ್ಟು ಒಡೆಯಿತು ಎಂದು ಅಳೆದಿದ್ದೆ. ನಾಲ್ಕನೆಯದಕ್ಕೆ ಬಂದಾಗ ಕಾಕಾ, "ಸಾಕ್ ಬಿಡು ತಂಗಿ, ಮಣ್ಣು ಹಿಟ್ಟ ಆಗ್ತದ" ಎಂದರು. ಇನ್ನೊಂದು ಸಲ ಜೋರಾಗಿ ಓಡಿಸಿ ಎಂದು ಹಟ ಹಿಡಿದವಳು ನಾನೇ. ಹೋಲಿಕೆಗೆ ಒಂದು ಕೆಟ್ಟ ಪಟ್ಟಿ ಬೇಕಿತ್ತು.

ಸಿಕ್ಕಿತು. ಡೀಸೆಲ್ಲೂ ಅದಕ್ಕೇ ಹೆಚ್ಚು ಸುಟ್ಟಿತ್ತು. ಬಿತ್ತಿದ ಮೇಲೆ ಬಿದ್ದ ಮಳೆಗೆ ಆ ಹಿಟ್ಟೆಲ್ಲ ಕಲಸಿಕೊಂಡು, ಬಿಸಿಲಿಗೆ ಕಡಕ್ ರೊಟ್ಟಿಯಂತೆ ಗಟ್ಟಿಯಾಗಿದೆ. ಜೋಳದ ಮೊಳಕೆ ಅದರಡಿಯಲ್ಲೇ ಮುರುಟಿಕೊಂಡಿದೆ. ಇವತ್ತು ಅದನ್ನು ನೋಡಿದ ಕೂಡಲೇ ನನಗಾದದ್ದು ಖುಷಿ. ಬರೆಯಲೂ ನಾಚಿಕೆ, ಆದರೂ ಖುಷಿಯೇ.

ಕಾಕಾರ ಹೆಂಡತಿ ಸಾವಿತ್ರವ್ವ ಅಲ್ಲೇ ಕುಂತಿದ್ದರು. ಕಳೆ ತೆಗೆಯುವ ಖುರಪಿಯಿಂದ ಕೆದಕಿದರೆ ಮೊಳಕೆ ತುಂಡಾಗುತ್ತದೆಂದು, ತಲೆಯ ಪಿನ್ನು ತೆಗೆದು ಆ ಗಟ್ಟಿ ಪದರನ್ನು ಚೂರುಚೂರೇ ಎತ್ತಿ, ಒಂದೊಂದೇ ಮೊಳಕೆ ಬಿಡಿಸುತ್ತಿದ್ದರು.

"ಬಾ ತಂಗಿ. ನಿನ್ನ ಅಭ್ಯಾಸಕ್ಕ ಬೇಕಾದ್ದು ಸಿಕ್ತೇನ?" ಎಂದು ನಕ್ಕರು. ಕುಹಕವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ನಾನೂ ಕುಂತು ಬಿಡಿಸಬೇಕಿತ್ತು. ನನ್ನ ಬಾಯಿಂದ ಬಂದದ್ದು, "ನಾ ಮೊಳಕಿ ಎಣಿಸೋತನಕ ಕೈ ಹಚ್ಚಬ್ಯಾಡ್ರಿ, ಲೆಕ್ಕ ತಪ್ಪತದ."

ಸಾವಿತ್ರವ್ವ ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡರು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. ತಮ್ಮದೇ ಹೊಲದಲ್ಲಿ.