ದುಂಬಿ ಸಿಕ್ಕ ಊರು

ನನ್ನ ದುರ್ಯೋಧನನಿಗೆ ಸರಿಸಾಟಿ ಭೀಮನಾಗಿದ್ದ ಗುರುಮಲ್ಲನೇ, ನೀನು ಸತ್ತು ವರ್ಷವಾದರೂ ಹೇಳಲೇಬೇಕಾದದ್ದೊಂದಿದೆ, ಲಾಲಿಸು.

ನಾಟಕದ ಗ್ಯಾಸ್‌ಲೈಟಿಗೆ ಬಂದ ದುಂಬಿಗಳನ್ನು ಹಿಡಿದು ಕಾಲೇಜು ಮೇಷ್ಟರಿಗೆ ಕೊಡುತ್ತಿದ್ದೆಯಲ್ಲ, ಅವುಗಳಲ್ಲೊಂದು ಇನ್ನೂ ಯಾರೂ ಹೆಸರಿಡದ ಜಾತಿಯಂತೆ. ಮೇಷ್ಟರು ಅದಕ್ಕೆ ಅಂಟಿಸಿಟ್ಟ ಚೀಟಿಯಲ್ಲಿ ನಿನ್ನ ಹೆಸರು, ಎಂಬತ್ತೇಳನೇ ಇಸವಿ, ಗುಂಡ್ಲುಪೇಟೆ ತಾಲ್ಲೂಕು ಅಂತಷ್ಟೇ ಇದೆ. ಊರು ತಿಳಿದರೆ ಅಲ್ಲೇ ಮತ್ತೆ ಹುಡುಕಬಹುದೆಂದು ತೇಜಸ್ವಿನಿ ಎಂಬ ಸಂಶೋಧಕಿ ಇವತ್ತು ನನ್ನ ಮನೆಗೆ ಬಂದಿದ್ದಳು.

ನನ್ನ ಪಕ್ಕ ಕೂತಿದ್ದ ತೆರಕಣಾಂಬಿ ಊರಿನ ರಾಜಣ್ಣ ಮೆಲ್ಲಗೆ, “ನಮ್ಮೂರು ಅನ್ಬುಡ್ಲಾ, ಒಂದ್ ಎಸ್ರಾದ್ರೂ ಬರ್ಲಿ” ಅಂದ. ನನ್ನ ಕಂಠದಲ್ಲಿ ಹೇಳಿದ್ದರೆ ಅವಳು ನಂಬಿಬಿಡುತ್ತಿದ್ದಳು.

“ಆ ವರ್ಷ ಅವ್ನು ಬೇರೆ ತಂಡಕ್ಕೋದ ಕಣವ್ವ. ಯಾವ್ಯಾವೂರಲ್ಲಿ ಕುಣುದ್ನೋ, ಸಿಟ್ಗೆ ನಾನು ನೋಡಕ್ಕೋಗ್ನಿಲ್ಲ” ಅಂದೆ.

ನಾಳೆ ಹಂಗಳ ಗ್ರಾಮದಿಂದ ಹುಡುಕಲು ಶುರುಮಾಡುತ್ತಾಳೆ. ಅವಳ ಜೊತೆ ನಾನೂ ಹೊರಟಿದ್ದೇನೆ. ಆ ವರ್ಷದ ನಿನ್ನ ಭೀಮನನ್ನು ಕಂಡವರು ಯಾರಾದರೂ ಇದ್ದಾರು.