ಶಿವ ಎಲ್ಲದ?

ಗೆಳತಿ ಮಹಾನಂದಾ,

ಉದಗೀರದಿಂದ ನಿಲಂಗಾ ಬಸ್ಸು ಹತ್ತಿದಾಗ ಈಗಲೂ ಕಿಟಕಿ ಪಕ್ಕದ ಜಾಗ ನಿನಗೆ ಬಿಟ್ಟು ಕೂರುತ್ತೇನೆ. ಯಾರೋ ಬಂದು ಮರಾಠಿಯಲ್ಲಿ ಇಲ್ಲಿ ಯಾರಿದ್ದಾರೆ ಎಂದು ಕೇಳುತ್ತಾರೆ. ಯಾರೂ ಇಲ್ಲ ಎಂದು ತಲೆಯಾಡಿಸಿ ಸರಿದು ಕೂರುತ್ತೇನೆ. ನೀನು ಹೋದ ಮೇಲೆ ನಾನು ಕನ್ನಡ ಮಾತಾಡುವುದೇ ಕಡಿಮೆಯಾಗಿದೆ. ಕಾಲೇಜಿನಲ್ಲಿ ಭೂಗೋಳದ ಪಾಠವೂ ಮರಾಠಿಯಲ್ಲಿ, ಮನೆಯಲ್ಲಿ ಪುಸ್ತಕ. ಇವತ್ತು ಬರೆಯಲು ಕೂತಿದ್ದು ನಿನ್ನ ಮಗಳ ವಿಷಯಕ್ಕೆ.

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ವಾರ ಅಂಬಿಕಾ ಅಪ್ಪನ ಮೋಟಾರ್ ಸೈಕಲ್ ಹಿಂದೆ ಕೂತು ನನ್ನ ಮನೆಗೆ ಬಂದಳು. ಈಗಲೂ ನಾನು ಅವಳಿಗೆ ಮೌಶಿಯೇ, ನಿನ್ನ ತಂಗಿಯೇ. ಅವ್ವ ಓದಿದ ಭೂಗೋಳವನ್ನೇ ತಾನೂ ಓದಬೇಕೆಂದು ಅವಳ ಹಟ. ನಿನ್ನ ಗಂಡನಿಗೆ ಅದು ಬೇಡ. ಚಹಾ ಕುಡಿದು ಕಪ್ಪು ಕೆಳಗಿಡುವ ಮೊದಲೇ ಶುರು ಮಾಡಿದರು.

"ನೀವರೆ ಹೇಳ್ರಿ ಮ್ಯಾಡಂ. ಭೂಗೋಲ ಕಲ್ತು ಈಕಿ ಏನ್ ಮಾಡ್ತಾಳ? ಕಂಡಕ್ಟರಗ ದಾರಿ ತೋರಸ್ತಾಳೇನು?"

"ಮೌಶಿ ನೌಕ್ರಿ ಮಾಡ್ಲತ್ತಿಲ್ಲೇನು ಪಪ್ಪಾ?"

"ಮೌಶೀದು ತಾಸಿನ ನೌಕ್ರಿ. ಸೂಟಿ ಇದ್ದಾಗ ಪಗಾರ ಬರ್ತದೇನು, ಕೇಳ್ ಅವರಿಗೇ!"

ಅವರು ಹೇಳಿದ್ದು ನಿಜ. ಇಷ್ಟು ವರ್ಷಗಳಾದರೂ ನನಗೆ ಪಾಠ ಮಾಡಿದ ತಾಸಿಗಷ್ಟೇ ಸಂಬಳ. ಕಾಲೇಜಿಗೆ ರಜೆ ಬಂದರೆ ಸಂಬಳಕ್ಕೂ ರಜೆ. ಹೀಗಿರುವವಳು ಆ ಹುಡುಗಿಗೆ ಏನು ಹೇಳಲಿ? ಎರಡು ದಿನ ಬಿಟ್ಟು ಹೇಳುತ್ತೇನೆ ಎಂದು ಕಳಿಸಿದೆ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು...

ನಮ್ಮ ಪ್ರಾಯೋಗಿಕ ಪರೀಕ್ಷೆಯ ದಿನ ನೆನಪಾಯಿತು. ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ ಬಂದ ನಾವಿಬ್ಬರೂ ಕಾಲೇಜಿನ ಪ್ರತಿ ಪಾಠವನ್ನೂ ಮನಸ್ಸಿನಲ್ಲೇ ಮರಾಠಿಯಿಂದ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಿದ್ದೆವು. ಹೊರಗಿನಿಂದ ಬಂದ ಪರೀಕ್ಷಕರು ಕಾಸಾರಶಿರಸಿ ಕಡೆಯ ನಕಾಶೆ ಹರಡಿ ನಿನ್ನನ್ನು ಕೇಳಿದರು: "ಶಿವ ಕುಠೇ ಆಹೇ?" ಶಿವ ಎಲ್ಲಿದೆ, ಎಂದು. ಮರಾಠಿಯಲ್ಲಿ ಶಿವ ಎಂದರೆ ಊರಿನ ಗಡಿಯೂ ಹೌದು. ನಮ್ಮ ಮನೆಗಳಲ್ಲಿ ಗಡಿಗೆ ಸೀಮಿ ಅನ್ನುತ್ತಿದ್ದರು. ಶಿವ ಅಂದರೆ ಒಬ್ಬನೇ. ನೀನು ಗಾಬರಿಯಲ್ಲಿ ಕೊರಳಿನ ಲಿಂಗದ ಮೇಲೆ ಕೈಯಿಟ್ಟು "ಇಥೇ ಸರ್", ಇಲ್ಲೇ ಸರ್, ಎಂದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂಕ ಮಾತ್ರ ಕೊಡಲಿಲ್ಲ. ಆಮೇಲೆ ಬಸ್ಸು ತಪ್ಪಿದಾಗ, ಅಪರಿಚಿತ ಊರಲ್ಲಿ ಓಣಿ ತಪ್ಪಿದಾಗ, ಒಬ್ಬಳು "ಶಿವ ಎಲ್ಲದ?" ಎಂದರೆ ಇನ್ನೊಬ್ಬಳು ಕೊರಳಿಗೆ ಕೈಯಿಡುತ್ತಿದ್ದಳು. ಆಸ್ಪತ್ರೆಯಲ್ಲಿ ನಿನಗೆ ಮಾತು ನಿಂತ ಮೇಲೂ ಕೇಳಿದೆ. ನಿನ್ನ ಕೈ ಅರ್ಧಕ್ಕೆ ಎದ್ದು...

ಪದವಿ ಮುಗಿದ ವರ್ಷ ನಿಲಂಗಾದಲ್ಲಿ ಹೊಲ ಅಳೆಯುವ ನೌಕರಿ ಕೇಳಲು ಹೋಗಿದ್ದೆವಲ್ಲ, ನೆನಪಿದೆಯೇ? ಗುಮಾಸ್ತ ನಿನ್ನ ಕಾಗದ ತಿರುಗಿಸಿ ಕೊಟ್ಟ. ಅದಕ್ಕೆ ಸರ್ವೇಯರ್ ತರಬೇತಿ ಬೇಕಂತೆ, ಭೂಗೋಳದ ಬಿಎ ನಡೆಯುವುದಿಲ್ಲವಂತೆ. ಹೊರಗೆ ಬಂದು ಕಬ್ಬಿನ ಹಾಲು ಕುಡಿಯುತ್ತ ನೀನು ಅಂದೆ: "ಜಗತ್ತಿನ ನದಿ ಎಲ್ಲಾ ಬಾಯಿಪಾಠ ಅವ. ಊರ ಸೀಮಿ ಮ್ಯಾಲ ನಿಂದರ್ಲಕ ನಮಗ ಪರವಾನ್ಗಿ ಇಲ್ಲ ನೋಡು." ಮುಂದೆ ನಿನಗೆ ಮದುವೆ, ನನಗೆ ತಾಸಿನ ಪಾಠ.

ಎರಡು ದಿನ ಕಳೆದು ಅಂಬಿಕಾ ಒಬ್ಬಳೇ ಬಂದಾಗ ನನ್ನ ಕೈಯಲ್ಲಿ ಅನುವಾದದ ಕಾದಂಬರಿಯೊಂದಿತ್ತು. ಎಂದೂ ನೋಡದ ಊರಿನ ಕಥೆ. ಅಲ್ಲಿಯ ನದಿ ಯಾವ ದಿಕ್ಕಿಗೆ ಹರಿಯುತ್ತದೆಂದು ತಿಳಿಯದೆ ನನಗೆ ಪುಟ ತಿರುಗುವುದಿಲ್ಲ. "ಆ ಊರ ಹೊಳಿ ತಗೊಂಡು ನೀ ಏನ್ ಮಾಡ್ತೀಗೆ?" ಎಂದು ನೀನು ಕಾಡುತ್ತಿದ್ದೆ. ಭೂಗೋಳ ನನಗೆ ಕೊಟ್ಟದ್ದು ಇದನ್ನೇ. ಇದು ಲಾಭವೇ? ನೌಕರಿ ಹುಡುಕುವ ಹುಡುಗಿಯ ಮುಂದೆ ಇದನ್ನು ಹೇಳಲು ನಾಚಿಕೆಯಾಯಿತು. ಇದ್ದದ್ದನ್ನಷ್ಟೇ ಹೇಳಿದೆ. ಫೀ ದೊಡ್ಡದಲ್ಲ. ಬಿಎ ಆದ ಮೇಲೆ ಎಂಎ, ಆಮೇಲೆ ಅರ್ಹತಾ ಪರೀಕ್ಷೆ, ಆಮೇಲೆ ಜಾಗ ಖಾಲಿಯಾಗುವುದನ್ನು ಕಾಯುವುದು. ಕಾಯುವ ವರ್ಷಗಳೇ ಅದರ ನಿಜವಾದ ಖರ್ಚು. ನಿಲಂಗಾದಲ್ಲಿ ನಿನಗಾದದ್ದನ್ನೂ ಹೇಳಿದೆ.

"ಹಂಗಾದ್ರ ಬ್ಯಾಡಂತಿ?"

"ನೌಕ್ರಿ ಬೇಕಂದ್ರ ಬ್ಯಾಡ."

"ನೀ ಮತ್ತ ನನ್ನಷ್ಟಾಕಿ ಆದ್ರ ಏನ್ ತಗೋತಿ?"

"ಭೂಗೋಲಾನೇ."

"ಯಾಕ ಮೌಶಿ?"

"ಬಾಜೂಕ ನಿಮ್ಮವ್ವ ಕುಂಡ್ರತಾಳಂತ."

ಅವಳು ನಗಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ಕೇಳಿದಳು: "ಆ ಸರ್ವೇಯರ್ ಅನ್ನೂದು ಎಲ್ಲಿ ಕಲಸ್ತಾರ?"

ಮಹಾನಂದಾ, ಈಗ ಅವಳು ಐಟಿಐಯಲ್ಲಿ ಸರ್ವೇಯರ್ ಕಲಿಯುತ್ತಿದ್ದಾಳೆ. ನಿನ್ನ ಗಂಡ ಉಮರ್ಗಾದ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರಂತೆ: "ಭೂಗೋಲ ಬ್ಯಾಡ ಅಂದ್ರ ನನ್ ಮಗಳು ಭೂಮೀನೇ ಅಳೀಲಕ ಹೊಂಟಾಳ್ರೀ!" ಗೊಣಗುವಂತೆ ಹೇಳಿದರೂ ಎರಡೆರಡು ಸಲ ಹೇಳುತ್ತಾರಂತೆ. ಅವಳು ನನ್ನ ತರಗತಿಯ ಬೆಂಚಿನಲ್ಲಿ ಕೂರುತ್ತಾಳೆ, ಪಾಠದ ನಡುವೆ ಒಂದು ಕನ್ನಡ ಮಾತು ಆಡಬಹುದು ಎಂದು ನಾನು ಆಸೆಪಟ್ಟಿದ್ದೆ. ನಾನೇ ಬೇಡ ಅಂದೆ. ಸರಿಯಾಗಿಯೇ ಹೇಳಿದೆನಲ್ಲವೇ?

ನಿನ್ನೆ ಸಂಜೆ ಫೋನ್ ಮಾಡಿದ್ದಳು. ಅವರ ಸರ್ ಎಲ್ಲರನ್ನೂ ಒಂದು ಹಳ್ಳಿಯ ಅಂಚಿಗೆ ಕರೆದೊಯ್ದು ಅವಳನ್ನೇ ಮೊದಲು ಕೇಳಿದರಂತೆ: "ಶಿವ ಕುಠೇ ಆಹೇ?"

"ನೀ ಏನ್ ಮಾಡ್ದಿ?"

"ಗಡಿಕಲ್ಲ ತೋರ್ಸ್ದೆ. ಸರ್ ಆಕಡಿ ತಿರುಗಿದ ಮ್ಯಾಲ ಕೊರಳಿಗಿ ಕೈ ಹಚ್ಚಿದೆ. ಅವ್ವ ಸಾಲಿಗಿ ಕಳಸೂಮುಂದ ದಿನಾ ಕೇಳ್ತಿದ್ಳಲ್ಲ ಮೌಶಿ, ಶಿವ ಎಲ್ಲದ ಅಂತ."

ಅದು ನಮ್ಮಿಬ್ಬರದೇ ಮಾತು ಎಂದುಕೊಂಡಿದ್ದೆ. ಫೋನ್ ಒಂದು ಕೈಯಲ್ಲಿತ್ತು. "ಮೌಶಿ, ಅದೀಯೇನು?" ಎಂದು ಅವಳು ಕೂಗುತ್ತಿದ್ದಳು. ಆಗ ನನ್ನ ಇನ್ನೊಂದು ಕೈ ಎಲ್ಲಿತ್ತೆಂದು ನಿನಗೆ ಹೇಳಬೇಕಿಲ್ಲ.

ನಿನ್ನ
ಸುವರ್ಣಾ